ಬೆಂಗೇರಿಯ ಕೇಸರಿ, ರೋಹಿಣಿಯ ಪರದೆ

ದಿಲ್ಲಿಯ ವಾಯವ್ಯ ಅಂಚಿನಲ್ಲಿ ರೋಹಿಣಿ ಎಂಬ ಹೊಸ ಉಪನಗರವನ್ನು ಕಟ್ಟಲು ದಿಲ್ಲಿ ಅಭಿವೃದ್ಧಿ ಪ್ರಾಧಿಕಾರವು ನಿವೇಶನಗಳ ಯೋಜನೆಯನ್ನು ಹೊರಡಿಸಿದ್ದು 1981ರಲ್ಲಿ. ಮರುವರ್ಷ ಏಷ್ಯನ್ ಕ್ರೀಡಾಕೂಟದ ನಿಮಿತ್ತವಾಗಿ ದೂರದರ್ಶನಕ್ಕೆ ಬಣ್ಣ ಬಂದಿತು. 1982ರ ಆಗಸ್ಟ್ 15ರಂದು ಕೆಂಪುಕೋಟೆಯ ಸಮಾರಂಭವನ್ನು ಬಣ್ಣದಲ್ಲಿ ಬಿತ್ತರಿಸಿದಾಗ, ನೆರೆಮನೆಯವರನ್ನೂ ಕೂಡಿಸಿಕೊಂಡು ನೋಡಿದ ಹಿರಿಯರು ನಮ್ಮ ಓದುಗರಲ್ಲಿ ಇದ್ದೇ ಇರುತ್ತಾರೆ. ಒಂದು ಮನೆಯ ಪೆಟ್ಟಿಗೆಯಲ್ಲಿ ಧ್ವಜದ ಮೇಲಿನ ಪಟ್ಟಿ ಕುಂಕುಮದಂತೆ, ಇನ್ನೊಂದರಲ್ಲಿ ಅರಿಶಿನದಂತೆ ಕಾಣುತ್ತಿತ್ತು. ಬಣ್ಣದ ತಿರುಗುಗುಂಡಿ ಯಾರ ಕೈಗೆ ಸಿಕ್ಕಿತೋ ಅವರೇ ಆ ದಿನದ ಕೇಸರಿಯನ್ನು ನಿರ್ಣಯಿಸುತ್ತಿದ್ದರು.

ಹಾಗಾದರೆ ನಿಜವಾದ ಕೇಸರಿ ಯಾವುದು? ಇದು ಹಗುರವಾದ ಪ್ರಶ್ನೆಯಲ್ಲ. ನಮ್ಮ ಸರ್ಕಾರವೇ ಇದಕ್ಕೆ ಅಂಕಿಗಳಲ್ಲಿ ಉತ್ತರ ಕೊಟ್ಟಿದೆ. ಭಾರತೀಯ ಮಾನಕ ಸಂಸ್ಥೆಯು 1951ರಲ್ಲಿ ಹೊರಡಿಸಿದ ಮಾನಕ ಸಂಖ್ಯೆ 1 ಬೇರಾವುದೂ ಅಲ್ಲ, ರಾಷ್ಟ್ರಧ್ವಜದ ಮಾನಕ. ಅದನ್ನು 1964ರಲ್ಲಿ ಮೆಟ್ರಿಕ್ ಅಳತೆಗೆ ಹೊಂದಿಸಿ, 1968ರಲ್ಲಿ ಮತ್ತೆ ತಿದ್ದಿದರು. ಅದರಂತೆ ಕೇಸರಿಯ ವರ್ಣಾಂಕಗಳು 0.538 ಮತ್ತು 0.360, ಹೊಳಪು 21.5. ಹಸಿರಿನವು 0.288 ಮತ್ತು 0.395, ಹೊಳಪು 8.9.

ಈ ಅಂಕಿಗಳ ಮೂಲ ಇಂಗ್ಲೆಂಡಿನಲ್ಲಿದೆ. 1920ರ ದಶಕದ ಕೊನೆಯಲ್ಲಿ ಡೇವಿಡ್ ರೈಟ್ ಮತ್ತು ಜಾನ್ ಗಿಲ್ಡ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ, ಒಬ್ಬರು ಹತ್ತು ಜನರನ್ನೂ ಇನ್ನೊಬ್ಬರು ಏಳು ಜನರನ್ನೂ ಕೂಡಿಸಿ, ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೆರೆಸಿ ಒಂದೊಂದು ಬಣ್ಣಕ್ಕೂ ಹೊಂದಿಸಿ ನೋಡಿರೆಂದರು. ಆ ಹದಿನೇಳು ಜೋಡಿ ಕಣ್ಣುಗಳ ಸರಾಸರಿಯನ್ನೇ 1931ರಲ್ಲಿ ಬೆಳಕಿನ ಅಂತರರಾಷ್ಟ್ರೀಯ ಆಯೋಗವು ಮನುಷ್ಯಮಾತ್ರದ ಕಣ್ಣೆಂದು ಸ್ವೀಕರಿಸಿತು. ಕೋಟ್ಯಂತರ ಜನರ ಪರವಾಗಿ ಹದಿನೇಳು ಮಂದಿ ನೋಡಿದ್ದು! ಆದರೂ ಆ ಪದ್ಧತಿ ಇಂದಿಗೂ ನಡೆಯುತ್ತಿದೆ.

ಅಂಕಿ ಬರೆದಿಡುವುದು ಒಂದು, ಬಟ್ಟೆಗೆ ಇಳಿಸುವುದು ಇನ್ನೊಂದು. ಈ ಎರಡನೆಯ ಕೆಲಸದಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು 1957ರ ನವೆಂಬರ್ 1ರಂದು, ಅಂದರೆ ರಾಜ್ಯೋದಯದ ಮೊದಲ ವಾರ್ಷಿಕ ದಿನದಂದು, ಹುಟ್ಟಿದ ಸಂಸ್ಥೆ. ಈ ಶತಮಾನದ ಮೊದಲ ದಶಕದಲ್ಲಿ ಅದು ಧ್ವಜದ ಮಾನಕ ಮುದ್ರೆಯನ್ನು ಪಡೆದು, ಬಹುಕಾಲ ಆ ಮುದ್ರೆಯುಳ್ಳ ಏಕೈಕ ಘಟಕವಾಗಿತ್ತು. ಬಾಗಲಕೋಟೆ ಕಡೆಯ ತುಳಸಿಗೇರಿಯಿಂದ ಬರುವ ಖಾದಿಯನ್ನು ಮೂರು ಪಾಲು ಮಾಡಿ, ಒಂದಕ್ಕೆ ಕೇಸರಿ, ಒಂದಕ್ಕೆ ಹಸಿರು ಬಣ್ಣ ಹಾಕಿ, ಒಂದನ್ನು ಬಿಳುಪು ಮಾಡುತ್ತಾರೆ. ಬಣ್ಣ ತಪ್ಪಿದ ಬಟ್ಟೆ ಧ್ವಜವಾಗದು. ಒಮ್ಮೆ ಸರಿಬಂದಿತೆಂದು ಮುಂದಿನ ಬಾರಿ ಕಣ್ಣುಮುಚ್ಚಿ ಅದ್ದುವಂತಿಲ್ಲ. ಪ್ರತಿಸಲವೂ ಅಳೆದು ನೋಡಲೇಬೇಕು.

ಇನ್ನು ನಮ್ಮ ಮನೆಯ ಕಂಪ್ಯೂಟರಿನ ಮಾತಿಗೆ ಬರೋಣ. ಸಾಧಾರಣ ಪರದೆಯೊಂದು ತೋರಬಲ್ಲ ಬಣ್ಣಗಳ ವ್ಯಾಪ್ತಿಗೆ 1996ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಕಂಪೆನಿಗಳು ಒಂದು ಎಲ್ಲೆಯನ್ನು ಸೂಚಿಸಿದವು; 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಧ್ವಜದ ಕೇಸರಿಯೂ ಹಸಿರೂ ಆ ಎಲ್ಲೆಯೊಳಗೇ ಬೀಳುತ್ತವೆ. ಎಂದರೆ ಬೆಂಗೇರಿಯ ಬಣ್ಣವನ್ನು ತೋರುವ ಶಕ್ತಿ ರೋಹಿಣಿಯ ಸಾಧಾರಣ ಪರದೆಗೂ ಉಂಟು. ಆದರೂ ತೋರುವುದಿಲ್ಲ. ಒಂದು ಕಾರಣ ನಾವು ಕೊಡುವ ಅಂಕಿ. ಕೆಂಪು 255, ಹಸಿರು 153, ನೀಲಿ 51 ಎಂಬ ಮಿಶ್ರಣ ಕಂಪ್ಯೂಟರುಗಳಲ್ಲಿ ಧ್ವಜದ ಕೇಸರಿಯೆಂದೇ ಓಡಾಡಿದೆ. ಲೆಕ್ಕ ಹಾಕಿ ನೋಡಿದರೆ ಅದರ ಹೊಳಪು ಸುಮಾರು 44, ಮಾನಕದ ಎರಡರಷ್ಟು. ಬಿಳಿ ಖಾದಿಯ ಹೊಳಪು 72.6 ಅಷ್ಟೇ ಎಂಬ ರಿಯಾಯಿತಿ ಕೊಟ್ಟು ಲೆಕ್ಕ ಹಾಕಿದರೂ ಧ್ವಜದ ಕೇಸರಿ 30 ದಾಟುವುದಿಲ್ಲ. ಪರದೆಯ ಮೇಲಿನ ಕೇಸರಿ ಕಿತ್ತಳೆಹಣ್ಣಿನ ಕಡೆಗೆ ವಾಲಿದ್ದರಲ್ಲಿ ಆಶ್ಚರ್ಯವೇನು?

ಇನ್ನೊಂದು ಕಾರಣ ಪರದೆಯದೇ ಸ್ವಭಾವ. ಒಂದೇ ಕಾರ್ಖಾನೆಯ ಎರಡು ಪರದೆಗಳೂ ಒಂದೇ ತೆರನಾಗಿರವು. ಹಳತಾದಂತೆ ದೀಪ ಮಂಕಾಗಿ ಬಿಳುಪು ಬದಲಾಗುತ್ತದೆ. ಆದ್ದರಿಂದ ಪರದೆಯ ಮೇಲೆ ಅಳತೆಯ ಉಪಕರಣವನ್ನಿಟ್ಟು, ಅದರ ಗುಣದೋಷಗಳನ್ನು ಒಂದು ಕಡತದಲ್ಲಿ ಬರೆದಿಡುವ ಪದ್ಧತಿ ಬಂದಿತು. ಈ ಕಡತಕ್ಕೆ ಪ್ರೊಫೈಲ್ ಎಂದು ಹೆಸರು. ಪರದೆಯ ಜಾತಕ ಎಂದರೂ ಸಲ್ಲುತ್ತದೆ. ಆಪಲ್ ಕಂಪೆನಿ 1993ರಲ್ಲಿ ತನ್ನ ಯಂತ್ರಗಳಿಗೆ ಕಲರ್‌ಸಿಂಕ್ ಎಂಬ ವ್ಯವಸ್ಥೆಯನ್ನು ತಂದಿತು. ಒಬ್ಬರು ಬರೆದ ಜಾತಕವನ್ನು ಇನ್ನೊಬ್ಬರು ಓದುವಂತಾಗಲೆಂದು ಅದೇ ವರ್ಷ ಎಂಟು ಕಂಪೆನಿಗಳು ಕೂಡಿ ಅಂತರರಾಷ್ಟ್ರೀಯ ವರ್ಣ ಒಕ್ಕೂಟವನ್ನು ಕಟ್ಟಿದವು.

ಆದರೆ ಜಾತಕ ಪೆಟ್ಟಿಗೆಯಲ್ಲಿದ್ದರೆ ಏನು ಬಂತು, ತೆಗೆದು ನೋಡುವವರು ಬೇಕಲ್ಲ! ತಿದ್ದುಪಡಿಯ ಒಂದು ಭಾಗವನ್ನು ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿನ ಕೋಷ್ಟಕದಲ್ಲಿ ತುಂಬಬೇಕು. ಯಂತ್ರವನ್ನು ಆರಿಸಿದೊಡನೆ ಆ ಕೋಷ್ಟಕ ಅಳಿಸಿಹೋಗುತ್ತದೆ. ಆದ್ದರಿಂದ ದಿನವೂ ಬೆಳಿಗ್ಗೆ ಹೊಸದಾಗಿ ತುಂಬಬೇಕು. ವಿಂಡೋಸ್ 95ರಿಂದಲೇ ಮೈಕ್ರೋಸಾಫ್ಟ್ ಜಾತಕಗಳಿಗೆ ಮನ್ನಣೆ ಕೊಟ್ಟಿತ್ತು, ಕೋಷ್ಟಕ ತುಂಬುವ ಹೊಣೆಯನ್ನು ಮಾತ್ರ ಹೊತ್ತಿರಲಿಲ್ಲ. ಆ ಕಾಲದಲ್ಲಿ ಚಿತ್ರ ತಿದ್ದುವವರು ಅಡೋಬಿ ಗಾಮಾ ಎಂಬ ಪುಟ್ಟ ತಂತ್ರಾಂಶವನ್ನು ಯಂತ್ರ ಏಳುವಾಗಲೇ ಓಡುವ ಪಟ್ಟಿಯಲ್ಲಿ ಸೇರಿಸಿಡುತ್ತಿದ್ದರು. ಅದು ಬಂದು ಕೋಷ್ಟಕ ತುಂಬಿ ಹೋಗುತ್ತಿತ್ತು. ಆಮೇಲೆ ಏನಾದರೂ ಆದರೆ ತನಗೆ ಸಂಬಂಧವಿಲ್ಲವೆನ್ನುವ ಗುತ್ತಿಗೆಯ ಆಳಿನಂತೆ. 2007ರಲ್ಲಿ ಬಂದ ವಿಂಡೋಸ್ ವಿಸ್ಟಾದಲ್ಲಿ ಅನುಮತಿ ಕೇಳುವ ಕಿಟಕಿ ತೆರೆದು ಪರದೆ ಒಮ್ಮೆ ಮಂಕಾದರೆ ಸಾಕು, ತುಂಬಿದ ಕೋಷ್ಟಕ ಮಾಯ. ನೋಡುತ್ತಿದ್ದವರಿಗೆ ಬಣ್ಣ ಹೋದದ್ದೇ ತಿಳಿಯುತ್ತಿರಲಿಲ್ಲ. ನನ್ನ ದೃಷ್ಟಿಯಲ್ಲಿ ಅಳೆಯದ ಪರದೆಗಿಂತ ಇದು ಹೆಚ್ಚಿನ ಕೇಡು. ಸರಿಯಾಗಿದೆಯೆಂದು ನಂಬಿ ತಪ್ಪನ್ನೇ ಅಚ್ಚಿಗೆ ಕಳಿಸುವುದು ಇಲ್ಲಿಯೇ.

ಈ ಕೆಲಸ ಯಂತ್ರದ ಯಜಮಾನನಾದ ಆಪರೇಟಿಂಗ್ ಸಿಸ್ಟಮ್ಮಿನದೇ ಎಂದು ವಿಂಡೋಸ್ ಒಪ್ಪಿದ್ದು 2009ರ ವಿಂಡೋಸ್ 7ರಲ್ಲಿ. ಯಾವ ಪರದೆಗೆ ಯಾವ ಜಾತಕ ಎಂಬ ಪಟ್ಟಿಯನ್ನು ಅದೇ ಇಟ್ಟುಕೊಂಡು, ಬಳಕೆದಾರ ಒಳಗೆ ಬಂದಾಗ ಅದೇ ಕೋಷ್ಟಕವನ್ನು ತುಂಬುವ ಏರ್ಪಾಡಾಯಿತು. 2011ರಲ್ಲಿ ಲಿನಕ್ಸ್ ಬಳಗದ ರಿಚರ್ಡ್ ಹ್ಯೂಸ್ ಅವರ ಕಲರ್‌ಡಿ ಎಂಬ ತಂತ್ರಾಂಶವೂ ಇದೇ ಭಾರವನ್ನು ಹೊತ್ತಿತು. ಪರದೆಗಳು ತಂತಿಯ ಮೂಲಕ ತಮ್ಮ ಹೆಸರು, ಸಂಖ್ಯೆಗಳನ್ನು ತಾವೇ ಹೇಳಿಕೊಳ್ಳುವ ಪದ್ಧತಿ 1994ರಿಂದಲೇ ಇದ್ದುದರಿಂದ, ಎರಡು ಪರದೆಗಳಿದ್ದರೂ ಗುರುತಿಸಲು ದಾರಿಯಾಯಿತು.

ಕೋಷ್ಟಕ ತುಂಬಿದರೆ ಇಡೀ ಪರದೆಯ ಬಿಳುಪು, ಹೊಳಪು ಹದಕ್ಕೆ ಬರುತ್ತವೆ ನಿಜ. ಜಾತಕದ ಉಳಿದ ಭಾಗವನ್ನು ಓದಿ ಕೇಸರಿಯನ್ನು ಕೇಸರಿಯಾಗಿಸುವ ಕೆಲಸ ಆಯಾ ತಂತ್ರಾಂಶದ್ದು. ಅದನ್ನು ಓದದ ತಂತ್ರಾಂಶದಲ್ಲಿ, ಊರಿನಿಂದ ಬಂದ ಇಳಕಲ್ ಸೀರೆಯ ಚಿತ್ರ ಇಂದಿಗೂ ಅತ್ತೆಗೊಂದು ಬಣ್ಣ, ಸೊಸೆಗೊಂದು ಬಣ್ಣ.

ವಿಂಡೋಸಿನಲ್ಲಿ ವರ್ಣ ನಿರ್ವಹಣೆಯ ಕಿಟಕಿಯನ್ನು ತೆರೆದು, ಮುಂದುವರಿದ ಆಯ್ಕೆಗಳೊಳಗೆ ಹೊಕ್ಕು, ವಿಂಡೋಸಿನ ತಿದ್ದುಪಡಿಯನ್ನೇ ಬಳಸು ಎಂಬ ಪುಟ್ಟ ಚೌಕದಲ್ಲಿ ಗುರುತಿದೆಯೇ ಎಂದು ನೋಡಿ. ಗುರುತಿದ್ದರೂ ಜಾತಕದ ತಾರೀಖನ್ನು ಗಮನಿಸಿ. ಮೂರು ವರ್ಷದ ಹಿಂದೆ ಅಳೆದದ್ದಾದರೆ, ಅಂದಿನಿಂದ ದೀಪ ಎಷ್ಟು ಮಂಕಾಗಿದ್ದರೂ ಯಂತ್ರವು ಆ ಹಳೆಯ ಅಳತೆಯನ್ನೇ ಪ್ರತಿದಿನ ಬೆಳಿಗ್ಗೆ ತಪ್ಪದೆ ತುಂಬುತ್ತಿರುತ್ತದೆ.