ಭೂಮಿ ಚಲಿಸುತ್ತದೆಂದು ಮನುಷ್ಯನಿಗೆ ತಿಳಿದದ್ದು ಹೇಗೆ?

ಭೂಮಿ ಸೂರ್ಯನ ಸುತ್ತ ತಿರುಗುತ್ತದೆಯೋ ಅಥವಾ ಸೂರ್ಯನೇ ಭೂಮಿಯ ಸುತ್ತ ತಿರುಗುತ್ತಾನೆಯೋ? ಪ್ರಾಥಮಿಕ ಶಾಲೆಯ ಮಗುವೂ ಇದಕ್ಕೆ ಸರಿಯಾದ ಉತ್ತರ ಹೇಳುತ್ತದೆ. ಆದರೆ "ಅದು ನಿನಗೆ ಹೇಗೆ ಗೊತ್ತು?" ಎಂದು ಮರುಪ್ರಶ್ನೆ ಹಾಕಿದರೆ ಪದವೀಧರರೂ ತಡವರಿಸುತ್ತಾರೆ. "ಪುಸ್ತಕದಲ್ಲಿದೆ" ಎನ್ನುವುದೇ ನಮ್ಮ ಉತ್ತರ. ವಿಚಿತ್ರವೆಂದರೆ, ಐನೂರು ವರ್ಷಗಳ ಹಿಂದೆ ಭೂಮಿ ನಿಂತಿದೆ ಎಂದು ನಂಬಿದ್ದವರ ಉತ್ತರವೂ ಅದೇ ಆಗಿತ್ತು. ಅವರ ಪುಸ್ತಕದಲ್ಲಿ ಹಾಗಿತ್ತು, ಅಷ್ಟೆ.

ಆ ಪುಸ್ತಕವನ್ನು ಬರೆದವನು ಕ್ರಿ.ಶ. 2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಟಾಲೆಮಿ. ಅದರ ಇಂದಿನ ಹೆಸರು 'ಅಲ್ಮಜೆಸ್ಟ್' ಬಂದಿರುವುದೇ ಅರಬಿಯಿಂದ. ಅವನ ಪ್ರಕಾರ ಭೂಮಿ ವಿಶ್ವದ ನಡುವೆ ನಿಶ್ಚಲವಾಗಿದೆ. ಸೂರ್ಯ, ಚಂದ್ರ, ಗ್ರಹಗಳು ಅದನ್ನು ಸುತ್ತುತ್ತವೆ. ಮಂಗಳ ಗ್ರಹ ಕೆಲವೊಮ್ಮೆ ಹಿಂದಕ್ಕೆ ಸರಿದಂತೆ ಕಾಣುವುದನ್ನು ವಿವರಿಸಲು ಅವನು ವೃತ್ತದ ಮೇಲೆ ಮತ್ತೊಂದು ಸಣ್ಣ ವೃತ್ತವನ್ನು ಕಲ್ಪಿಸಿದನು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಈ ಲೆಕ್ಕದಿಂದ ಗ್ರಹಗಳ ಸ್ಥಾನವನ್ನು ಸಾಕಷ್ಟು ಸರಿಯಾಗಿ ಹೇಳಬಹುದಾಗಿತ್ತು. ಆದ್ದರಿಂದಲೇ ಅದು ಸುಮಾರು 1400 ವರ್ಷ ಬಾಳಿತು.

ಇದನ್ನು ಮೊದಲು ಗಂಭೀರವಾಗಿ ಪರಿಶೀಲಿಸಿದವರಲ್ಲಿ ಮುಸ್ಲಿಮ್ ಜಗತ್ತಿನ ವಿದ್ವಾಂಸರು ಪ್ರಮುಖರು. 11ನೇ ಶತಮಾನದಲ್ಲಿ ಇಬ್ನುಲ್ ಹೈಥಮ್ ಟಾಲೆಮಿಯ ಬಗೆಗಿನ ಸಂದೇಹಗಳನ್ನೇ ಒಂದು ಗ್ರಂಥವಾಗಿ ಬರೆದರು. 1259ರಲ್ಲಿ ಇರಾನಿನ ಮರಾಗದಲ್ಲಿ ವೀಕ್ಷಣಾಲಯ ಸ್ಥಾಪಿಸಿದ ನಸೀರುದ್ದೀನ್ ತೂಸಿ, ಎರಡು ವೃತ್ತಗಳ ಚಲನೆಯಿಂದ ಸರಳರೇಖೆಯ ಚಲನೆಯನ್ನು ಪಡೆಯುವ ಗಣಿತ ವಿಧಾನವನ್ನು ರೂಪಿಸಿದರು. 14ನೇ ಶತಮಾನದಲ್ಲಿ ಡಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ನಮಾಜಿನ ಸಮಯ ಲೆಕ್ಕ ಹಾಕುತ್ತಿದ್ದ ಇಬ್ನು ಶಾತಿರ್, ಚಂದ್ರನ ಚಲನೆಗೆ ಹೊಸ ಮಾದರಿಯೊಂದನ್ನು ನೀಡಿದರು.

1543ರಲ್ಲಿ ಪೋಲೆಂಡಿನ ಕೋಪರ್ನಿಕಸ್‌ನ ಗ್ರಂಥ ಪ್ರಕಟವಾಯಿತು. ಸೂರ್ಯನನ್ನು ನಡುವೆ ಇಟ್ಟು, ಭೂಮಿಯನ್ನು ಇತರ ಗ್ರಹಗಳ ಸಾಲಿಗೆ ಸೇರಿಸಿದ ಗ್ರಂಥವದು. ಅದರಲ್ಲಿ ಅಲ್-ಬತ್ತಾನಿಯ ಹೆಸರಿದೆ, ತೂಸಿಯವರ ವಿಧಾನವಿದೆ. ಚಂದ್ರನ ಮಾದರಿಯಂತೂ ಇಬ್ನು ಶಾತಿರ್‌ರದ್ದನ್ನೇ ಹೋಲುತ್ತದೆ. ಇದು ಯಾವ ದಾರಿಯಿಂದ ಯುರೋಪ್ ತಲುಪಿತೆಂದು ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಿದ್ದಾರೆ. ನಾವು ಇದನ್ನು ಹೆಮ್ಮೆಯಿಂದ ಸ್ಮರಿಸೋಣ. ಆದರೆ ಪ್ರಾಮಾಣಿಕತೆಯೂ ಇರಲಿ. ಇಬ್ನು ಶಾತಿರ್‌ರ ಮಾದರಿಯಲ್ಲಿಯೂ ಭೂಮಿಯೇ ಕೇಂದ್ರವಾಗಿತ್ತು. ಅದನ್ನು ಕದಲಿಸುವ ಧೈರ್ಯ ಮಾಡಿದವನು ಕೋಪರ್ನಿಕಸ್.

ಅವನಿಗೆ ಎದುರಾದ ಆಕ್ಷೇಪಣೆಗಳೂ ಬಲವಾಗಿದ್ದವು. ಭೂಮಿ ಸೂರ್ಯನನ್ನು ಸುತ್ತುವುದಾದರೆ ಆರು ತಿಂಗಳಲ್ಲಿ ನಕ್ಷತ್ರಗಳ ಸ್ಥಾನ ಸ್ವಲ್ಪವಾದರೂ ಬದಲಾದಂತೆ ಕಾಣಬೇಕಲ್ಲವೇ? ಡೆನ್ಮಾರ್ಕಿನ ಟೈಕೋ ಬ್ರಾಹೆ ಬರಿಗಣ್ಣಿನಿಂದ ವರ್ಷಗಟ್ಟಲೆ ನೋಡಿದರೂ ಅಂತಹ ಬದಲಾವಣೆ ಕಾಣಲಿಲ್ಲ. ಹೀಗಾಗಿ ಅವನು ಭೂಮಿಯ ಚಲನೆಯನ್ನು ಒಪ್ಪಲಿಲ್ಲ. ಆದರೆ 1572ರಲ್ಲಿ ಆಕಾಶದಲ್ಲಿ ಹೊಸ ನಕ್ಷತ್ರವೊಂದು ಕಾಣಿಸಿಕೊಂಡಾಗ, ಅದು ಚಂದ್ರನಿಗಿಂತ ಬಹಳ ಆಚೆಗಿದೆಯೆಂದು ಅವನೇ ತೋರಿಸಿದನು. ಆಕಾಶ ಬದಲಾಗುವುದೇ ಇಲ್ಲ ಎಂಬ ಅರಿಸ್ಟಾಟಲನ ಮಾತು ಅಲ್ಲಿಗೆ ಅಲುಗಾಡಿತು.

ಟೈಕೋನ ಅಳತೆಗಳು ಜರ್ಮನಿಯ ಕೆಪ್ಲರನ ಕೈಸೇರಿದವು. ವೃತ್ತಾಕಾರದ ಕಕ್ಷೆ ಹಿಡಿದು ಮಂಗಳನ ಲೆಕ್ಕ ಮಾಡಿದಾಗ, ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಅದರಲ್ಲಿ 8 ಪಾಲಿನಷ್ಟು ವ್ಯತ್ಯಾಸ ಬಂತು. ಹುಣ್ಣಿಮೆಯ ಚಂದ್ರಬಿಂಬದ ಅಗಲದ ಸುಮಾರು ಕಾಲುಭಾಗ! ಬೇರೆಯವರಾಗಿದ್ದರೆ ಕಡೆಗಣಿಸುತ್ತಿದ್ದರೇನೋ. ಕೆಪ್ಲರ್ ತನ್ನ ವರ್ಷಗಳ ಶ್ರಮವನ್ನೇ ಬದಿಗಿಟ್ಟು ಹೊಸದಾಗಿ ಆರಂಭಿಸಿದನು. ಗ್ರಹಗಳ ಕಕ್ಷೆ ವೃತ್ತವಲ್ಲ, ದೀರ್ಘವೃತ್ತ ಎಂದು 1609ರಲ್ಲಿ ಪ್ರಕಟಿಸಿದನು.

1610ರ ಜನವರಿಯಲ್ಲಿ ಇಟಲಿಯ ಗೆಲಿಲಿಯೋ ದೂರದರ್ಶಕದಿಂದ ಗುರುಗ್ರಹದ ಬಳಿ ಸಣ್ಣ ಚುಕ್ಕೆಗಳನ್ನು ಕಂಡನು. ಅವು ಗುರುವನ್ನು ಸುತ್ತುವ ನಾಲ್ಕು ಚಂದ್ರಗಳಾಗಿದ್ದವು. ಅಂದರೆ ಎಲ್ಲವೂ ಭೂಮಿಯನ್ನೇ ಸುತ್ತುವುದಿಲ್ಲ! ಶುಕ್ರನಿಗೂ ಚಂದ್ರನಂತೆ ವೃದ್ಧಿ ಕ್ಷಯಗಳಿರುವುದು ಕಂಡುಬಂತು. ಶುಕ್ರ ಸೂರ್ಯನನ್ನು ಸುತ್ತುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಯಿತು. 1633ರಲ್ಲಿ ರೋಮಿನ ಧಾರ್ಮಿಕ ನ್ಯಾಯಾಲಯ 69 ವರ್ಷದ ಗೆಲಿಲಿಯೋನಿಂದ ಅವನ ಅಭಿಪ್ರಾಯವನ್ನು ಹಿಂತೆಗೆಸಿತು. 1642ರಲ್ಲಿ ಸಾಯುವವರೆಗೂ ಅವನು ಗೃಹಬಂಧನದಲ್ಲಿದ್ದನು. ಆದರೆ ಗುರುವಿನ ಚಂದ್ರಗಳು ತಮ್ಮ ಪಾಡಿಗೆ ಸುತ್ತುತ್ತಲೇ ಇದ್ದವು. ದೂರದರ್ಶಕವಿದ್ದ ಯಾರು ಬೇಕಾದರೂ ಅವುಗಳನ್ನು ನೋಡಬಹುದಾಗಿತ್ತು.

1687ರಲ್ಲಿ ಇಂಗ್ಲೆಂಡಿನ ನ್ಯೂಟನ್, ಹಣ್ಣನ್ನು ನೆಲಕ್ಕೆ ಬೀಳಿಸುವ ಬಲವೇ ಚಂದ್ರನನ್ನು ಕಕ್ಷೆಯಲ್ಲಿ ಹಿಡಿದಿಟ್ಟಿದೆಯೆಂದು ಗಣಿತದ ಮೂಲಕ ತೋರಿಸಿದನು. ನೆಲಕ್ಕೊಂದು, ಆಕಾಶಕ್ಕೊಂದು ಎಂಬ ಬೇರೆ ಬೇರೆ ನಿಯಮಗಳಿಲ್ಲವೆಂದಾಯಿತು. ಇದನ್ನು ಆಧರಿಸಿ ಹ್ಯಾಲಿ, 1682ರ ಧೂಮಕೇತು 1758ರಲ್ಲಿ ಮರಳುತ್ತದೆ ಎಂದನು. ಅವನು 1742ರಲ್ಲಿ ತೀರಿಕೊಂಡನು. ಧೂಮಕೇತು 1758ರ ಡಿಸೆಂಬರಿನಲ್ಲಿ ಕಾಣಿಸಿಕೊಂಡಿತು. ಶತಮಾನಗಳಿಂದ ಜನರು ಅಪಶಕುನವೆಂದು ಹೆದರುತ್ತಿದ್ದ ವಸ್ತು ಲೆಕ್ಕಕ್ಕೆ ಸಿಕ್ಕಿತು.

ಇನ್ನು ನಕ್ಷತ್ರಗಳ ಆ ಹಳೆಯ ಆಕ್ಷೇಪಣೆ? ಅದಕ್ಕೆ ಉತ್ತರ ದೊರೆತದ್ದು 1838ರಲ್ಲಿ, ಕೋಪರ್ನಿಕಸ್ ತೀರಿಕೊಂಡು 295 ವರ್ಷಗಳ ನಂತರ. ಜರ್ಮನಿಯ ಬೆಸೆಲ್ ಒಂದು ನಕ್ಷತ್ರದ ಅತಿ ಸೂಕ್ಷ್ಮ ಸ್ಥಾನಪಲ್ಲಟವನ್ನು ಅಳೆದನು. ಬದಲಾವಣೆ ಇತ್ತು, ಆದರೆ ನಕ್ಷತ್ರಗಳು ಯಾರೂ ಊಹಿಸದಷ್ಟು ದೂರದಲ್ಲಿದ್ದುದರಿಂದ ಕಂಡಿರಲಿಲ್ಲ. ಬೆಸೆಲ್ ಅಳೆದ ನಕ್ಷತ್ರದ ಬೆಳಕು ನಮ್ಮನ್ನು ತಲುಪಲು ಸುಮಾರು 11 ವರ್ಷ ಬೇಕು!

ವಿದ್ಯಾರ್ಥಿ ಮಿತ್ರರೇ, ಈ ಇತಿಹಾಸ ಯಾವುದೋ ಒಂದು ದೇಶದ ಅಥವಾ ಸಮುದಾಯದ ಸೊತ್ತಲ್ಲ. ಅಲೆಕ್ಸಾಂಡ್ರಿಯ, ಮರಾಗ, ಡಮಾಸ್ಕಸ್, ಪೋಲೆಂಡ್, ಇಟಲಿ, ಇಂಗ್ಲೆಂಡ್ – ಜ್ಞಾನದ ದೀಪ ಕೈಯಿಂದ ಕೈಗೆ ದಾಟಿದೆ. ಪ್ರಶ್ನಿಸುವವರು ಇದ್ದಲ್ಲಿ ಅದು ಬೆಳಗಿದೆ. ಕಂಠಪಾಠವೇ ವಿದ್ಯೆ ಎಂದುಕೊಂಡಲ್ಲಿ ಮಂಕಾಗಿದೆ. ಪೂರ್ವಜರ ಸಾಧನೆಯನ್ನು ಸಭೆಗಳಲ್ಲಿ ಕೊಂಡಾಡಿದ ಮಾತ್ರಕ್ಕೆ ನಾವು ಅವರ ವಾರಸುದಾರರಾಗುವುದಿಲ್ಲ. ಪರೀಕ್ಷೆಗೆ ಓದುವಾಗ ಪ್ರತಿಯೊಂದು ಪಾಠಕ್ಕೂ "ಇದು ಹೇಗೆ ಗೊತ್ತಾಯಿತು?" ಎಂಬ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿ. ಆ ವಾರಸುದಾರಿಕೆ ಅಲ್ಲಿಂದ ಆರಂಭವಾಗುತ್ತದೆ.