ಹಟ್ಟಿಯಂಗಡಿ, ಹಟ್ಟಂಗಡಿ

1982ರ ‘ಗಾಂಧಿ’ ಚಿತ್ರದಲ್ಲಿ ಕಸ್ತೂರ್‌ಬಾ ಆದ ರೋಹಿಣಿ ಹಟ್ಟಂಗಡಿ ಹುಟ್ಟಿದ್ದು ಪುಣೆಯಲ್ಲಿ, ಓಕ್ ಮನೆತನದಲ್ಲಿ. ಹಟ್ಟಂಗಡಿ ಎಂಬ ಅಡ್ಡಹೆಸರು ಬಂದದ್ದು ಗಂಡ, ರಂಗನಿರ್ದೇಶಕ ಜಯದೇವ ಹಟ್ಟಂಗಡಿಯವರಿಂದ; ಅದರ ಮೂಲ ಕುಂದಾಪುರದ ಬಳಿಯ ಹಟ್ಟಿಯಂಗಡಿ ಎಂಬ ಊರು. ಚಿತ್ರದ ಕೊನೆಗೆ ಆ ಹೆಸರು ಓದಿದವರಲ್ಲಿ ಎಷ್ಟು ಮಂದಿಗೆ ಅದರೊಳಗೊಂದು ದನದ ಹಟ್ಟಿ ಇದೆಯೆಂದು ಹೊಳೆದಿರಬಹುದು?

ಕುಂದಾಪುರದ ಕಡೆ ಹಟ್ಟಿ ಎಂದರೆ ದನ ಕಟ್ಟುವ ಜಾಗ. ನೆಲಕ್ಕೆ ಸೊಪ್ಪು, ತರಗೆಲೆ ಹಾಸಿ, ಸಗಣಿ-ಗಂಜಲದಲ್ಲಿ ನೆನೆದದ್ದನ್ನು ಎಳೆದು ರಾಶಿ ಹಾಕಿ ಕೊಳೆಸಿದರೆ ಅದು ಹಟ್ಟಿಗೊಬ್ಬರ. ಘಟ್ಟದ ಮೇಲಿನವರು ಅದನ್ನೇ ಕೊಟ್ಟಿಗೆ ಗೊಬ್ಬರ ಅನ್ನುತ್ತಾರೆ. ಅವರ ಹಟ್ಟಿಯಲ್ಲಿ ಜನ ಇರುತ್ತಾರೆ. ಗೊಲ್ಲರಹಟ್ಟಿ ಒಂದು ಕೇರಿ. ನೀಲಗಿರಿಯ ಬಡಗರಲ್ಲಂತೂ ಹಟ್ಟಿ ಎಂದರೆ ಊರೇ. ದನ ಕೂಡುವಲ್ಲಿ ಮನೆ, ಮನೆ ಕೂಡಿದಲ್ಲಿ ಊರು: ಅರ್ಥ ಬೆಳೆದದ್ದು ಹೀಗೆ. ತಮಿಳಿನಲ್ಲಿ ಇದೇ ಮಾತು ‘ಪಟ್ಟಿ’. ಕೋವಿಲ್‌ಪಟ್ಟಿ, ಉಸಿಲಂಪಟ್ಟಿ ಯಾರಿಗೆ ಗೊತ್ತಿಲ್ಲ? ಪಾಲು ಹಾಲಾದ, ಪಳ್ಳಿ ಹಳ್ಳಿಯಾದ ದಾರಿಯಲ್ಲೇ ಕನ್ನಡದ ಪಟ್ಟಿಯೂ ಹಟ್ಟಿಯಾಯಿತು.

ಸಂಸ್ಕೃತ ಬಲ್ಲವರು ಇಲ್ಲಿ ಕೈ ಎತ್ತಬಹುದು. ಅಲ್ಲಿ ‘ಹಟ್ಟ’ ಎಂದರೆ ಸಂತೆ. ಹಿಂದಿಯ ಹಾಟ್ ಅದರ ಮಗ. ಹಾಗೆ ಹಿಡಿದರೆ ನಮ್ಮ ಊರು ‘ಸಂತೆಪೇಟೆ’ ಎಂದಾಗುತ್ತದೆ. ನನಗೆ ಒಪ್ಪಿಗೆಯಿಲ್ಲ. ವಾರಾಹಿ ದಂಡೆಯ ಈ ಊರಿಗೆ ಪಟ್ಟಿನಗರ, ಗೋಷ್ಠಿಪುರ ಎಂಬ ಹೆಸರುಗಳೂ ಇದ್ದವೆಂದು ಹೇಳುವುದುಂಟು. ಗೋಷ್ಠ ಎಂದರೆ ದನದ ದೊಡ್ಡಿ. ಹಟ್ಟಿಗೆ ಮಡಿಬಟ್ಟೆ ಉಡಿಸಿದವರಿಗೂ ಅದರೊಳಗಿನ ದನ ಕಂಡಿತ್ತು ಎನ್ನಬೇಕು. (ವಿದ್ವಾಂಸರ ಗೋಷ್ಠಿಯೂ ಅದೇ ದೊಡ್ಡಿಯಿಂದ ಎದ್ದು ಬಂದ ಮಾತು, ಬೇಸರಿಸಬೇಡಿ.)

ಅಂಗಡಿಯ ಕಥೆ ಉಲ್ಟಾ. ಇದು ಕುಗ್ಗಿದ ಪದ. ಇವತ್ತು ನಮಗೆ ಅಂಗಡಿ ಎಂದರೆ ಒಂದು ಬಾಗಿಲು, ಒಂದು ಗಲ್ಲಾಪೆಟ್ಟಿಗೆ. ಮೊದಲು ಅದು ಇಡೀ ಪೇಟೆ. ಮಲಯಾಳದಲ್ಲಿ ಈಗಲೂ ಹಾಗೇ; ಹಳೆಯ ತಮಿಳಿನಲ್ಲಿ ಹಗಲ ಪೇಟೆ ನಾಳಂಗಾಡಿ, ರಾತ್ರಿಯದು ಅಲ್ಲಂಗಾಡಿ. ಉಪ್ಪಿನಂಗಡಿ, ಬೆಳ್ತಂಗಡಿ, ಹಳೆಯಂಗಡಿ, ಹೊಸಂಗಡಿ ಎಂದು ಕರಾವಳಿಯುದ್ದಕ್ಕೂ ಆ ಹಳೆಯ ಅರ್ಥ ಊರಿನ ಹೆಸರಲ್ಲಿ ಅಡಗಿ ಕೂತಿದೆ.

ಜಟೆಯಿರುವ ಸಿದ್ಧಿವಿನಾಯಕನಿಂದ ಊರು ಇಂದು ಪ್ರಸಿದ್ಧ. ಆದರೆ ಹೆಸರನ್ನು ದೂರಕ್ಕೆ ಒಯ್ದವರು ಚಿತ್ರಾಪುರ ಸಾರಸ್ವತರು. ಮನೆಮಾತು ಕೊಂಕಣಿ, ಅದನ್ನು ಅವರು ‘ಆಮ್ಚಿಗೆಲೆ’, ನಮ್ಮದು, ಅನ್ನುತ್ತಾರೆ. ಗುರುಪರಂಪರೆ 1708ರಲ್ಲಿ ಗೋಕರ್ಣದಲ್ಲಿ ಮೊದಲಾಯಿತು. ಮಠ ಭಟ್ಕಳದ ಬಳಿಯ ಶಿರಾಲಿಯಲ್ಲಿ. ಓದು, ನೌಕರಿ ಎಂದು ಮುಂಬಯಿ ಸೇರಿ, 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಷನ್, 1915ರಲ್ಲಿ ಗಾಮ್‌ದೇವಿಯಲ್ಲಿ ಸಹಕಾರಿ ವಸತಿ ಸಂಘ ಕಟ್ಟಿಕೊಂಡರು. ಅವರ ಅಡ್ಡಹೆಸರುಗಳ ಪಟ್ಟಿ ಹಿಡಿದರೆ ಕರಾವಳಿಯ ಬಸ್ಸು ಹತ್ತಿದಂತೆ: ಬಸ್ರೂರು, ಪಡುಕೋಣೆ, ಬಿಜೂರು, ತ್ರಾಸಿ, ಹಟ್ಟಂಗಡಿ. 1899ರಲ್ಲಿ ‘ಇಂದಿರಾಬಾಯಿ’ ಕಾದಂಬರಿ ತಂದ ವೆಂಕಟರಾಯರ ಗುಲ್ವಾಡಿಯೂ ಇಲ್ಲೇ ಪಕ್ಕ.

ಜಾಗವೇ ಮನುಷ್ಯನ ಹೆಸರಾಗುವುದು ಫಿನ್ನರಲ್ಲೂ ಇದೆ, ಆದರೆ ಅಲ್ಲಿ ನಡೆದದ್ದು ಬೇರೆ. ಪಶ್ಚಿಮ ಫಿನ್ಲೆಂಡಿನಲ್ಲಿ ಹಿಂದೆ ಒಕ್ಕಲುಮನೆಯ ಹೆಸರೇ ಆಳಿನ ಹೆಸರಾಗಿತ್ತು. ಮತ್ತಿ ಎಂಬವನ ಜಾಗ ಮತ್ತಿಲ; ಅಲ್ಲಿದ್ದವರೆಲ್ಲ ಮತ್ತಿಲದವರು. ಬೇರೆ ಒಕ್ಕಲಿಗೆ ಹೋದರೆ ಹೆಸರೂ ಬದಲು! ಅಡ್ಡಹೆಸರು ಎಲ್ಲರಿಗೂ ಕಡ್ಡಾಯವಾಗಿ ಗಟ್ಟಿಯಾದದ್ದು 1921ರಲ್ಲಿ ಜಾರಿಗೆ ಬಂದ ಕಾನೂನಿನಿಂದ. ನಮ್ಮಲ್ಲಿ ಊರು ಬಿಟ್ಟ ಮೇಲೆಯೇ ಊರ ಹೆಸರಿಗೆ ಕೆಲಸ. ಹಟ್ಟಿಯಂಗಡಿಯೊಳಗೆ ನಿಂತು ಒಬ್ಬರನ್ನು ಹಟ್ಟಂಗಡಿ ಎಂದು ಕೂಗಿದರೆ ಯಾರು ತಿರುಗಿ ನೋಡಬೇಕು?

ಇನ್ನು ಆ ‘ಯ’. ಹಟ್ಟಿಗೆ ಅಂಗಡಿ ಸೇರಿದಾಗ ಊರಿನ ನಾಲಗೆ ನಡುವೆ ಯಕಾರ ತಂದಿತು: ಆಗಮಸಂಧಿ. ವಲಸೆ ಹೋದ ಹೆಸರು ಇಕಾರವನ್ನೇ ಬಿಟ್ಟಿತು: ಲೋಪಸಂಧಿ. ಮರಾಠಿ ಬಾಯಲ್ಲಿ ಕೆಟ್ಟಿತೆಂದು ಕೊರಗುವವರು ಹಳೆಯಂಗಡಿಯ ಪಕ್ಕ ಹೊಸಂಗಡಿಯನ್ನು ಇಟ್ಟು ನೋಡಲಿ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೂ ತಕರಾರು ತೆಗೆಯಲಾರ.