ಬದುವಿನ ಬಿಲ, ಘಟ್ಟದ ಹಳ್ಳ: ಪುಣೆ ಸೀಮೆಯ ಏಡಿ ಹಿಡಿಯುವ ಕಸುಬು

ಪುಣೆ ಜಿಲ್ಲೆಗೆ ಕಡಲತೀರವಿಲ್ಲ. ಆದರೂ ಏಡಿ ಹಿಡಿದು ಮಾರುವ ಕಸುಬು ಅಲ್ಲಿ ಬಹಳ ಹಳೆಯದು. ಜಿಲ್ಲೆಯ ಪಶ್ಚಿಮ ಅಂಚಿನಲ್ಲಿ ಸಹ್ಯಾದ್ರಿಗೆ ತಾಗಿಕೊಂಡಿರುವ ಜುನ್ನರ್, ಆಂಬೇಗಾಂವ್, ಮಾವಳ, ಮುಳಶಿ, ರಾಜಗಡ (ಹಿಂದಿನ ವೇಲ್ಹೆ) ಮತ್ತು ಭೋರ್ ತಾಲ್ಲೂಕುಗಳು ಈ ಕಸುಬಿನ ನೆಲೆ. ಪುಣೆ ನಗರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾದರೆ ಘಟ್ಟದ ನೆತ್ತಿಯಲ್ಲಿ ಅದರ ಹಲವು ಪಟ್ಟು ಸುರಿಯುತ್ತದೆ. ಅಲ್ಲಿ ಬೆಳೆಯುವುದು ಭತ್ತ. ಗದ್ದೆಯ ಬದು, ಹಳ್ಳದ ದಂಡೆ, ಕಲ್ಲಿನ ಸಂದುಗಳೇ ಸಿಹಿನೀರಿನ ಏಡಿಯ ಮನೆ. ಬೇಸಿಗೆಯಲ್ಲಿ ಅದು ಬಿಲದ ಆಳಕ್ಕಿಳಿದು ತೇವ ಹಿಡಿದು ಕೂರುತ್ತದೆ, ಮುಂಗಾರು ಹಿಡಿದೊಡನೆ ಹೊರಬರುತ್ತದೆ. ಕಡಲೇಡಿಯ ಮರಿಗಳು ನೀರಿನಲ್ಲಿ ತೇಲಿ ಬೆಳೆದರೆ ಈ ಏಡಿಯ ಹೆಣ್ಣು ಮೊಟ್ಟೆಗಳನ್ನೂ, ಅವು ಒಡೆದು ಬಂದ ಮರಿಗಳನ್ನೂ ಹೊಟ್ಟೆಯ ಮಡಿಕೆಯಲ್ಲೇ ಹೊತ್ತು ತಿರುಗುತ್ತದೆ.

ಈ ಏಡಿಗಳ ಬಗೆಗಿನ ಮೊದಲ ವೈಜ್ಞಾನಿಕ ಬರಹಗಳಲ್ಲೊಂದು ಹುಟ್ಟಿದ್ದು ಇದೇ ಸೀಮೆಯಿಂದ. ಬೊಂಬಾಯಿ ಸರ್ಕಾರದ ಅಂಕಿಅಂಶ ವರದಿಗಾರನಾಗಿ 1824ರಿಂದ ದಖ್ಖನ್ ಸುತ್ತಿದ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್ ಮೀನು, ಹಕ್ಕಿಗಳ ಜೊತೆಗೆ ನೆಲದ ಏಡಿಗಳನ್ನೂ ಗಮನಿಸಿದ. 1836ರಲ್ಲಿ ಲಂಡನ್ನಿನ ಕೀಟಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅವನ ಲೇಖನದಲ್ಲಿ ವೆಸ್ಟ್‌ವುಡ್ ಎಂಬ ಪ್ರಾಣಿಶಾಸ್ತ್ರಜ್ಞ ಈ ಏಡಿಯ ಒಂದು ಪ್ರಭೇದಕ್ಕೆ ಹೆಸರಿಟ್ಟ. ಇಂದು ಅದು ಬ್ಯಾರಿಟೆಲ್ಫ್ಯೂಸಾ ಕ್ಯುನಿಕ್ಯುಲಾರಿಸ್. 1910ರಲ್ಲಿ ಆಲ್ಕಾಕ್ ಎಂಬ ಪ್ರಾಣಿಶಾಸ್ತ್ರಜ್ಞ ಭಾರತದ ಸಿಹಿನೀರಿನ ಏಡಿಗಳ ಪಟ್ಟಿ ಪ್ರಕಟಿಸಿದ. ಈಚೆಗೆ ಪುಣೆಯಲ್ಲಿರುವ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಪಶ್ಚಿಮ ಪ್ರಾದೇಶಿಕ ಕೇಂದ್ರದಲ್ಲಿ ಈ ಕೆಲಸ ಮುಂದುವರಿಯಿತು. ಪಶ್ಚಿಮ ಘಟ್ಟಕ್ಕೆ ಸೇರಿದ ಘಾಟಿಯಾನಾ ಎಂಬ ಕುಲವನ್ನು 2014ರಲ್ಲಿ ಸ್ಥಾಪಿಸಲಾಯಿತು. ಅದೇ ಕುಲದ ಎರಡು ಬಣ್ಣದ ಏಡಿಯೊಂದು 2022ರಲ್ಲಿ ಉತ್ತರ ಕನ್ನಡದ ಯಲ್ಲಾಪುರ ಸೀಮೆಯಿಂದ ವಿಜ್ಞಾನಕ್ಕೆ ಪರಿಚಯವಾಯಿತು. ಏಡಿಯ ಬಗ್ಗೆ ಹೀಗೆ ಎರಡು ಶತಮಾನದ ದಾಖಲೆ ಬೆಳೆದರೂ ಅದನ್ನು ಹಿಡಿಯುವವರ ಬಗ್ಗೆ ಬರೆದಿಟ್ಟದ್ದು ಕಡಿಮೆ.

ಹಿಡಿಯುವವರಲ್ಲಿ ಮುಖ್ಯರು ಮಹಾದೇವ ಕೋಳಿ, ಠಾಕರ್ ಮತ್ತು ಕಾತ್ಕರಿ ಸಮುದಾಯದವರು. ಮೊದಲೆರಡು ಸಮುದಾಯಗಳಲ್ಲಿ ಹಲವರಿಗೆ ಸ್ವಂತ ಗದ್ದೆಯಿದೆ. ಅವರಿಗೆ ಏಡಿ ಮಳೆಗಾಲದ ಸಾರು, ಹೆಚ್ಚಾದರೆ ನಾಲ್ಕು ಕಾಸು. ಕಾತ್ಕರಿಗಳ ಸ್ಥಿತಿ ಬೇರೆ. ಖೈರ ಮರದ ತಿರುಳನ್ನು ಬೇಯಿಸಿ ಕಾಚು ತೆಗೆಯುವುದು ಅವರ ಕುಲಕಸುಬಾಗಿತ್ತು. 1878ರ ಅರಣ್ಯ ಕಾಯ್ದೆಯ ನಂತರ ಕಾಡಿನ ಮರ ಸರ್ಕಾರದ ಸ್ವತ್ತಾಗಿ ಆ ಕಸುಬು ಕುಸಿಯಿತು. 1920ರ ದಶಕದಲ್ಲಿ ಟಾಟಾ ಕಂಪನಿಯ ಜಲವಿದ್ಯುತ್ ಅಣೆಕಟ್ಟಿಗಾಗಿ ಮುಳಶಿ ಕಣಿವೆಯ ಹಳ್ಳಿಗಳು ಮುಳುಗಿದವು. ಸೇನಾಪತಿ ಬಾಪಟ್ ನೇತೃತ್ವದ ಸತ್ಯಾಗ್ರಹಕ್ಕೆ ಅದನ್ನು ತಡೆಯಲಾಗಲಿಲ್ಲ. ಕಣಿವೆಯ ಒಳ್ಳೆಯ ಗದ್ದೆಗಳು ನೀರಿನಡಿ ಹೋದ ಮೇಲೆ ಭೂಮಿಯಿಲ್ಲದವರಿಗೆ ಉಳಿದದ್ದು ಕೂಲಿ. ಇಂದು ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿರುವ ಕಾತ್ಕರಿಗಳಲ್ಲಿ ಬಹಳ ಕುಟುಂಬಗಳು ದೀಪಾವಳಿಯ ನಂತರ ಇಟ್ಟಿಗೆ ಗೂಡಿಗೂ ಇದ್ದಿಲು ಭಟ್ಟಿಗೂ ಹೋಗಿ ಮಳೆಯ ಹೊತ್ತಿಗೆ ಊರಿಗೆ ಮರಳುತ್ತವೆ. ಗೂಡಿನ ಕೆಲಸ ನಿಂತು ಕೈ ಬರಿದಾದ ತಿಂಗಳುಗಳೇ ಏಡಿಯ ಸುಗ್ಗಿ.

ಹಿಡಿಯುವ ಬಗೆಗಳು ಹಲವು. ಹಗಲಲ್ಲಿ ಬದುವಿನ ಬಿಲಕ್ಕೆ ತೋಳು ಇಳಿಸಿ, ಇಲ್ಲವೆ ಕೊಕ್ಕೆ ಕಂಬಿ ತೂರಿಸಿ ಎಳೆಯುತ್ತಾರೆ. ಕಡ್ಡಿಗೆ ಎರೆಹುಳವನ್ನೋ ಕೋಳಿಯ ಕರುಳನ್ನೋ ಕಟ್ಟಿ ಬಿಲದ ಬಾಯಲ್ಲಿ ಆಡಿಸುವುದೂ ಉಂಟು. ಹರಿಯುವ ಹಳ್ಳಕ್ಕೆ ಬಿದಿರಿನ ಬುಟ್ಟಿ ಒಡ್ಡುತ್ತಾರೆ. ಮಲೆನಾಡಿನ ಕೂಣಿಯನ್ನು ಕಂಡವರಿಗೆ ಅದು ಹೊಸದೆನಿಸದು. ಹೆಚ್ಚು ಏಡಿ ಸಿಗುವುದು ಮೊದಲ ಜೋರು ಮಳೆಯ ರಾತ್ರಿಗಳಲ್ಲಿ. ಒಂದು ಕಾಲಕ್ಕೆ ಕೈಯಲ್ಲಿ ಪಂಜು ಇರುತ್ತಿತ್ತು, ಈಗ ಹಣೆಗೆ ಕಟ್ಟಿದ ಬ್ಯಾಟರಿ ದೀಪ. ಬೆಳಕು ಕಣ್ಣಿಗೆ ಬಿದ್ದಾಗ ಏಡಿ ಅರೆಗಳಿಗೆ ನಿಲ್ಲುತ್ತದೆ. ಅಷ್ಟರಲ್ಲಿ ಬೆನ್ನ ಚಿಪ್ಪನ್ನು ಹಿಂದಿನಿಂದ ಒತ್ತಿ ಹಿಡಿಯಬೇಕು. ಹಿಡಿದದ್ದನ್ನು ಕೊಂಬು ಮುರಿದು ಇಲ್ಲವೆ ಕಾಲು ಕಟ್ಟಿ ಮಾಲೆ ಮಾಡುತ್ತಾರೆ. ಮರುದಿನ ಹೆಂಗಸರು ಅದನ್ನು ಘಟ್ಟದ ರಸ್ತೆಬದಿಯಲ್ಲೋ ಸಂತೆಯಲ್ಲೋ ಮಾರುತ್ತಾರೆ. ನೆಗಡಿ, ಕೆಮ್ಮಿಗೆ ಏಡಿಯ ರಸ ಒಳ್ಳೆಯದೆಂಬ ನಂಬಿಕೆ ಇಲ್ಲೂ ಇದೆ.

ಕೊಂಬಿನ ಕಚ್ಚು ಈ ಕೆಲಸದ ಸಣ್ಣ ಅಪಾಯ. ದೊಡ್ಡದು ಹಾವು. ಏಡಿ ಬಿಟ್ಟುಹೋದ ಬಿಲದಲ್ಲಿ ನಾಗರಹಾವು ಸೇರಿರಬಹುದು. ಕಪ್ಪೆ, ಇಲಿಗಳ ಬೆನ್ನುಹತ್ತಿ ಕಟ್ಟುಹಾವು, ಕೊಳಕುಮಂಡಲಗಳೂ ರಾತ್ರಿ ಅದೇ ಬದುಗಳಲ್ಲಿ ಓಡಾಡುತ್ತವೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ. ಇವುಗಳಲ್ಲಿ ಸುಮಾರು ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಆದವು. ಎರಡನೆಯದು ನೀರು. ಮೇಲೆ ಸುರಿದ ಮಳೆ ಕೆಳಗಿನ ಹಳ್ಳಕ್ಕೆ ಸದ್ದಿಲ್ಲದೆ ಬರುತ್ತದೆ. ಕತ್ತಲಲ್ಲಿ ಪಾಚಿಗಲ್ಲಿನ ಮೇಲೆ ನಿಂತವನಿಗೆ ಹಿಂದೆ ಸರಿಯಲು ಹೊತ್ತಿರುವುದಿಲ್ಲ. ಮೂರನೆಯದು ಗುಡ್ಡ. 2014ರ ಜುಲೈ 30ರಂದು ಆಂಬೇಗಾಂವ್ ತಾಲ್ಲೂಕಿನ ಮಾಳಿಣ್ ಎಂಬ ಆದಿವಾಸಿ ಹಳ್ಳಿಯ ಮೇಲೆ ಗುಡ್ಡ ಜರಿದು ಸುಮಾರು 150 ಜನ ಸತ್ತರು. ಏಡಿ ಹಿಡಿಯುವವರು ಇಳಿಯುವುದು ಅಂಥ ಇಳಿಜಾರುಗಳಿಗೇ, ಅದೂ ಮಳೆ ಜೋರಾದಾಗಲೇ.

ಏಡಿ ಕೊರೆದ ಬದುವಿನಿಂದ ಗದ್ದೆಯ ನೀರು ಸೋರುತ್ತದೆ. ಆದ್ದರಿಂದ ಹಿಡಿಯುವವನಿಂದ ರೈತನಿಗೂ ಉಪಕಾರವಿತ್ತು. ಈ ಹಳೆಯ ತಿಳಿವಳಿಕೆ ಈಚೆಗೆ ರಾಜಕೀಯಕ್ಕೂ ಬಂದಿತು. 2018ರ ಸೆಪ್ಟೆಂಬರ್ 27ರಂದು ಪುಣೆಯ ದಾಂಡೇಕರ್ ಸೇತುವೆಯ ಬಳಿ ಮುಠಾ ಕಾಲುವೆಯ ಗೋಡೆ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿದಾಗ ಆಗಿನ ಜಲಸಂಪನ್ಮೂಲ ಸಚಿವರು ಇಲಿ, ಏಡಿಗಳ ಬಿಲವನ್ನು ಕಾರಣವಾಗಿ ಹೇಳಿದರು. ಮರುವರ್ಷ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದು ಇಪ್ಪತ್ತರಷ್ಟು ಜನ ಸತ್ತಾಗ ಇನ್ನೊಬ್ಬ ಸಚಿವರು ಮತ್ತೆ ಏಡಿಯನ್ನೇ ದೂರಿದರು. ಸೋರಿಕೆಯ ಬಗ್ಗೆ ಮೊದಲೇ ದೂರು ಕೊಟ್ಟಿದ್ದೆವು ಎಂದು ಊರಿನವರು ಹೇಳಿದರು. ಪ್ರತಿಭಟನಾಕಾರರು ಪುಣೆಯಲ್ಲಿರುವ ಸಚಿವರ ಮನೆಯ ಮುಂದೆ ಏಡಿಗಳನ್ನು ಚೆಲ್ಲಿದರು.

ಹಿಡಿಯುವವರ ಅಪಾಯಕ್ಕೆ ಮರಳಿದರೆ, ಅಲಾಸ್ಕಾದ ಬೇರಿಂಗ್ ಸಮುದ್ರದಲ್ಲಿ ಏಡಿ ಹಿಡಿಯುವ ಕೆಲಸ 1990ರ ದಶಕದಲ್ಲಿ ಅಮೆರಿಕದ ಅತ್ಯಂತ ಅಪಾಯದ ಕಸುಬುಗಳಲ್ಲಿ ಒಂದಾಗಿತ್ತು. ಅಲ್ಲಿ ಪ್ರತಿ ಸಾವನ್ನೂ ಎಣಿಸಿ ಕಾರಣ ಹುಡುಕಿದರು. ಏಡಿ ಬೋನುಗಳ ಅತಿಭಾರದಿಂದ ದೋಣಿ ಮಗುಚುತ್ತದೆಂದು ತಿಳಿದ ಮೇಲೆ 1999ರಿಂದ ಹಂಗಾಮಿಗೆ ಮುಂಚೆ ಕರಾವಳಿ ರಕ್ಷಣಾ ಪಡೆ ದೋಣಿಗಳನ್ನು ತಪಾಸಣೆ ಮಾಡತೊಡಗಿತು. 2005ರಲ್ಲಿ ದೋಣಿಗಳಿಗೆ ಏಡಿಯ ಪಾಲು ಹಂಚಿದ್ದರಿಂದ ಕೆಲವೇ ದಿನಗಳಲ್ಲಿ ಎಲ್ಲರಿಗಿಂತ ಮುಂಚೆ ಹಿಡಿಯುವ ಪೈಪೋಟಿ ನಿಂತಿತು. ಸಾವುಗಳು ಬಹಳ ಇಳಿದವು. ಸಹ್ಯಾದ್ರಿಯಲ್ಲಿ ದೋಣಿಯೂ ಇಲ್ಲ, ಪರವಾನಗಿಯೂ ಇಲ್ಲ. ಏಡಿ ಹಿಡಿಯುವಾಗ ಹಾವು ಕಚ್ಚಿ ಸತ್ತವನು ದಾಖಲೆಯಲ್ಲಿ ಹಾವು ಕಚ್ಚಿ ಸತ್ತವನು ಮಾತ್ರ. ಅವನ ಕಸುಬಿಗೆ ಅಲ್ಲಿ ಜಾಗವಿಲ್ಲ.

ಪರಿಹಾರದ ಲೆಕ್ಕದಲ್ಲೂ ಇದೇ ಕೊರತೆ. ಗೋಪಿನಾಥ ಮುಂಡೆ ಅವರ ಹೆಸರಿನ ಮಹಾರಾಷ್ಟ್ರದ ರೈತ ಅಪಘಾತ ಅನುದಾನ ಯೋಜನೆಯಲ್ಲಿ ಹಾವು ಕಡಿತದ ಸಾವಿಗೂ 2 ಲಕ್ಷ ರೂಪಾಯಿ ದೊರೆಯುತ್ತದೆ. ಅದು ಸಲ್ಲುವುದು ಭೂದಾಖಲೆಯಲ್ಲಿ ಹೆಸರಿರುವ ರೈತನಿಗೆ ಮತ್ತು ಅವನ ಮನೆಯ ಒಬ್ಬ ಸದಸ್ಯನಿಗೆ. ಒಂದೇ ಬದುವಿನ ಮೇಲೆ ಒಂದೇ ಹಾವು ಕಚ್ಚಿದರೂ ಗದ್ದೆಯ ಒಡೆಯನ ಕುಟುಂಬ ಈ ಯೋಜನೆಯ ಒಳಗಿರುತ್ತದೆ, ಭೂಮಿಯಿಲ್ಲದ ಕಾತ್ಕರಿಯ ಕುಟುಂಬ ಹೊರಗಿರುತ್ತದೆ.